ಬೈಯಲು ಬರದ ಸೈಟ್ ಇನ್‌ಚಾರ್ಜ್

"ಮೇಡಂ, ನನಗೆ ಬೈಯೋದು ಕಲಿಸಿಕೊಡಿ" ಅಂತ ಯಾರಾದರೂ ಆಪ್ತಸಲಹೆಗೆ ಬರುತ್ತಾರಾ? ಬರುತ್ತಾರೆ. ಕಾರವಾರದಲ್ಲಿ ನನ್ನ ಹತ್ತಿರ ಹೀಗೆ ಬಂದವರಲ್ಲಿ ಇವರು ನಾಲ್ಕನೆಯವರು. ಎಲ್ಲರದೂ ಹೆಚ್ಚುಕಡಿಮೆ ಒಂದೇ ಕಥೆ. ಸಿವಿಲ್ ಓದಿರುತ್ತಾರೆ, ನಾಲ್ಕೈದು ವರ್ಷ ಅಳತೆ, ಬಿಲ್ಲು, ಲೆವೆಲ್ಲು ಅಂತ ಚೆನ್ನಾಗಿ ದುಡಿದಿರುತ್ತಾರೆ, ಒಂದು ದಿನ ಧಣಿ ಇಡೀ ಸೈಟನ್ನೇ ಅವರ ಕೈಗೆ ಕೊಡುತ್ತಾರೆ, ಅಲ್ಲಿಂದ ನಿದ್ದೆ ಹಾರಿಹೋಗುತ್ತದೆ. ಇವರದ್ದನ್ನು ಬರೆಯುತ್ತಿರುವುದು ನನ್ನ ಸಮಾಧಾನಕ್ಕೂ ಹೌದು. ನಾನು ಕೊಟ್ಟ ಸಲಹೆಗೆ ಬೈಸಿಕೊಂಡಿದ್ದೇನೆ.

ಅವರ ಒಪ್ಪಿಗೆ ಇದೆ, ಗುರುತು ಸಿಗುವ ವಿವರ ಬದಲಾಯಿಸಿದ್ದೇನೆ. ಇಂಜಿನಿಯರ್ ಅಂತಲೇ ಕರೆಯೋಣ. ಶಿರಸಿ ಕಡೆಯವರು, ಮೂವತ್ತರೊಳಗೆ, ಮಾತು ಮೆತ್ತಗೆ. ಸಮುದ್ರಕ್ಕೆ ಹತ್ತಿರದ ಒಂದು ವಸತಿ ಕಟ್ಟಡದ ಸೈಟ್. ಗದಗ ಕಡೆಯ ಗಾರೆಯವರು, ಸ್ಲ್ಯಾಬಿಗೆ ಹಲಗೆ, ಕಂಬ ಕಟ್ಟುವ ಜಾರ್ಖಂಡ್‌ನ ಸೆಂಟ್ರಿಂಗ್ ಹುಡುಗರು. ಜೂನ್ 1ಕ್ಕೆ ಮೀನುಗಾರರ ಬೋಟುಗಳು ದಡ ಸೇರುವ ಹೊತ್ತಿಗೆ (ಆಮೇಲೆ ಜುಲೈ 31ರವರೆಗೆ ಅವರಿಗೂ ರಜೆ, ಮಳೆಯಲ್ಲಿ ಇವರಿಗೂ ಸ್ಲ್ಯಾಬ್ ಹಾಕುವುದು ಕಷ್ಟ) ಮೇಲಿನ ಸ್ಲ್ಯಾಬ್ ಮುಗಿಯಬೇಕು ಅಂತ ಒತ್ತಡ. ರಾತ್ರಿ ಎರಡಕ್ಕೆ ಎಚ್ಚರ, ಆಮೇಲೆ ಬೆಳಗಿನವರೆಗೆ ಫ್ಯಾನು ನೋಡುತ್ತಾ ಮಲಗುವುದು. "ಬಾಯಿ ಜೋರಿಲ್ದೋನು ಸೈಟ್ ನಡೆಸೋಕಾಗಲ್ಲ" ಅಂತ ಧಣಿ ಎಲ್ಲರೆದುರೇ ಅಂದಿದ್ದರು. ಇವರೂ ಅದನ್ನೇ ನಂಬಿಕೊಂಡು ಬಂದಿದ್ದರು.

ಮೊದಲೆರಡು ಭೇಟಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಮೂರನೆಯ ಸಲ, ತಾನು ಎಷ್ಟು ಕೆಲಸಕ್ಕೆ ಬಾರದವನು ಅಂತ ತೋರಿಸಲು ಅವರೇ ಒಂದು ಘಟನೆ ಹೇಳಿದರು.

ಒಂದು ಸಂಜೆ ಸೆಂಟ್ರಿಂಗ್ ಹುಡುಗನೊಬ್ಬ, ಹತ್ತೊಂಬತ್ತು ಇಪ್ಪತ್ತು ವರ್ಷದವನು, ಆಫೀಸ್ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತನಂತೆ. ಕೈಯಲ್ಲಿ ಸುತ್ತಿಗೆ. ಒಳಗೂ ಬರಲಿಲ್ಲ, ಹೋಗಲೂ ಇಲ್ಲ. ಆಮೇಲೆ "ಸಾಬ್, ಗಲ್ತಿ ಹೋ ಗಯಾ" ಅಂದ. ಬೇರೆ ಕಡೆ ಆಸರೆಗೆ ಕೊಡುವ ಕಂಬ ಕಡಿಮೆ ಬಿದ್ದಿತ್ತು, ಇವನು ಹಾಲ್‌ನ ಸ್ಲ್ಯಾಬ್ ಕೆಳಗಿಂದ ಎರಡು ಬಿಚ್ಚಿಕೊಂಡಿದ್ದ. ಆ ಸ್ಲ್ಯಾಬಿಗೆ ಆಗ ಬರೀ ಆರು ದಿನ. ಹತ್ತಿರ ಹತ್ತಿರ 5 ಮೀಟರ್ ಅಗಲ. ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ 4.5 ಮೀಟರ್ ದಾಟಿದ ಸ್ಲ್ಯಾಬಿನ ಕಂಬ 14 ದಿನ ಮುಟ್ಟುವಂತಿಲ್ಲ, ಇದನ್ನು ನನಗೆ ಕಲಿಸಿದ್ದೂ ಅವರೇ. ಇಂಜಿನಿಯರ್ ಎದ್ದು ಹೋಗಿ ಕೆಳಗೆ ಯಾರೂ ಓಡಾಡದ ಹಾಗೆ ಹಗ್ಗ ಕಟ್ಟಿಸಿದರು, ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಕಂಬ ಕೊಟ್ಟು ಬೆಣೆ ಹೊಡೆಸಿದರು, ದಾರ ಹಿಡಿದು ಸ್ಲ್ಯಾಬ್ ಬಗ್ಗಿದೆಯಾ ನೋಡಿದರು. ಬಗ್ಗಿರಲಿಲ್ಲ.

"ಬೇರೆ ಯಾರಾದ್ರೂ ಆಗಿದ್ರೆ ಅವನ ಕೆನ್ನೆಗೆ ಬಾರಿಸ್ತಿದ್ರು ಮೇಡಂ. ನಾನು ಅವನಿಗೆ ಚಾ ಕುಡಿಸಿ ಕಳಿಸಿದೆ" ಅಂದರು, ತಲೆ ತಗ್ಗಿಸಿಕೊಂಡು.

ಪಾಪ, ಆ ರಾತ್ರಿಯೂ ಕಣ್ಣು ಮುಚ್ಚಿರಲಿಕ್ಕಿಲ್ಲ ಅಂದುಕೊಂಡು ಸುಮ್ನೆ ಕೇಳಿದೆ, "ಆವತ್ತು ನಿದ್ದೆನೇ ಬಂದಿರಲ್ಲ ಅಲ್ವಾ?"

ಸ್ವಲ್ಪ ಯೋಚಿಸಿದರು. "ಇಲ್ಲ ಮೇಡಂ. ಆವತ್ತು ಚೆನ್ನಾಗೇ ಬಂತು."

ನಾನು ಪೆನ್ನು ಕೆಳಗಿಟ್ಟೆ. ಸ್ಲ್ಯಾಬ್ ಬೀಳಬಹುದಾಗಿದ್ದ ದಿನ ನಿದ್ದೆ ಬಂದಿದೆ! ಹಾಗಾದರೆ ಯಾವತ್ತಿಂದ ಬರುತ್ತಿಲ್ಲ? ಕೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಬಾಲ್ಕನಿ ಹಾಕಿದ ಶನಿವಾರದಿಂದ."

ಆ ಶನಿವಾರ ಕವರ್ ಬ್ಲಾಕ್ ಬಂದಿರಲಿಲ್ಲ. ಕಂಬಿಗೂ ಹಲಗೆಗೂ ನಡುವೆ ಅಂತರ ಇರಲಿ ಅಂತ ಇಡುವ ಪುಟ್ಟ ಸಿಮೆಂಟ್ ತುಂಡುಗಳು ಅವು. ಕಡಲ ಗಾಳಿಗೆ ಒಡ್ಡಿಕೊಂಡ ಕಾಂಕ್ರೀಟಿಗೆ 45 ಮಿಲಿಮೀಟರ್‌ದು ಬೇಕು. ಸೈಟಿನಲ್ಲಿ ಇದ್ದದ್ದು 20ರದ್ದು. ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ಪದರ, ಅಂದರೆ ಕವರ್, ತೆಳುವಾದರೆ ಉಪ್ಪು ಬೇಗ ಒಳಗೆ ಹೋಗಿ ಕಂಬಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ನಮ್ಮ ಕರಾವಳಿಯ ಹಳೇ ಕಟ್ಟಡಗಳ ಬಾಲ್ಕನಿ ಕೆಳಗೆ ನಿಂತು ತಲೆ ಎತ್ತಿದರೆ ಕಾಣುತ್ತದಲ್ಲ, ಅದು. ಕಾಂಕ್ರೀಟ್ ಲಾರಿ ಹೊರಟಾಗಿದೆ, ಹಾಕಿಬಿಡಿ ಅಂತ ಧಣಿ ಫೋನಿನಲ್ಲಿ ಹೇಳಿದರು. ಇವರು "ಆಯ್ತು ಸರ್" ಅಂತ ಚೆಕ್‌ಲಿಸ್ಟಿಗೆ ಸಹಿ ಹಾಕಿದರು.

ಅಂದರೆ ಬೈಯಲು ಬಾರದ್ದು ರೋಗವೇ ಅಲ್ಲ. ನನ್ನ ಕಣ್ಣಿಗೆ ಅದು ಅವರ ಬಂಡವಾಳ. ಒಳ್ಳೆಯ ಇನ್‌ಚಾರ್ಜ್‌ಗೆ ಡ್ರಾಯಿಂಗ್ ಓದಲು ಬರಬೇಕು, ನಾಳೆಯ ಜನ, ಮರಳು, ಸಿಮೆಂಟ್ ಇವತ್ತೇ ಲೆಕ್ಕ ಹಾಕಬೇಕು, ಡೈರಿ ಬರೆಯಬೇಕು, ಎಲ್ಲ ಸರಿ. ಆದರೆ ತಪ್ಪು ಮಾಡಿದ ಹುಡುಗ ತಾನಾಗಿ ಬಂದು ಬಾಗಿಲಲ್ಲಿ ನಿಲ್ಲಬೇಕು. ಕೂಗಾಡುವವನ ಸೈಟಿನಲ್ಲಿ ಆ ಎರಡು ಕಂಬದ ಸುದ್ದಿ ಸ್ಲ್ಯಾಬ್ ಬಗ್ಗಿದ ಮೇಲೇ ತಿಳಿಯುತ್ತಿತ್ತು. ಇವರಿಗೆ ಕೆಳಗಿನವರ ಹತ್ತಿರ ಗಟ್ಟಿ ದನಿ ಬೇಕಿರಲಿಲ್ಲ, ಮೇಲಿನವರ ಹತ್ತಿರ ಬೇಕಿತ್ತು.

ಅಲ್ಲೇ ಕೂತು ಅಭ್ಯಾಸ ಮಾಡಿದೆವು. ನಾನು ಧಣಿ. "ಕವರ್ ಬ್ಲಾಕ್ ಬರದೆ ಹಾಕಲ್ಲ ಸರ್" ಇಷ್ಟೇ ಹೇಳಬೇಕು. ಮೊದಲ ಸಲ "ಸರ್, ಅದು, ಸ್ವಲ್ಪ ನೋಡಬಹುದಾ" ಅಂದರು. ಎರಡನೇ ಸಲ ಕ್ಷಮೆ ಕೇಳಿದರು. ಮೂರನೇ ಸಲ ವಾಕ್ಯ ಪೂರ್ತಿ ಬಂತು, ಆದರೆ ನನ್ನ ಟೇಬಲ್ ಮೇಲಿನ ಪೇಪರ್‌ವೇಟ್‌ಗೆ ಹೇಳಿದರು. ಏಳನೇ ಸಲ ನನ್ನ ಮುಖ ನೋಡಿ ಹೇಳಿದರು. ಇಬ್ಬರೂ ನಕ್ಕೆವು.

ಆಮೇಲೆ ನಾನು ಇನ್ನೊಂದು ಮಾತು ಹೇಳಿದೆ, ಬೈಸಿಕೊಂಡದ್ದು ಅದಕ್ಕೇ. ಬಾಲ್ಕನಿಯ ವಿಷಯವನ್ನು ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಬರಹದಲ್ಲಿ ತಿಳಿಸಿ ಅಂದೆ. ಸಲಹೆ ಹೇರಬಾರದು, ಬಂದವರೇ ದಾರಿ ಕಂಡುಕೊಳ್ಳಲಿ ಅಂತ ನಮಗೆ ಕಲಿಸುತ್ತಾರೆ. ಸಹೋದ್ಯೋಗಿಯೊಬ್ಬರು "ಕೆಲಸ ಹೋದ್ರೆ ನೀವು ಸಂಬಳ ಕೊಡ್ತೀರಾ?" ಅಂತಲೂ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಆ ಬಾಲ್ಕನಿಯಲ್ಲಿ ನಾಳೆ ಯಾರದೋ ಮಗು ನಿಲ್ಲುತ್ತದೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟು, ಅದನ್ನು ಮರೆತು ಮಲಗಿ ಅಂತ ಕಳಿಸುವುದು ನನ್ನಿಂದ ಆಗುತ್ತಿರಲಿಲ್ಲ. ಮರೆಯಲು ಹೇಳಿದರೂ ಅವರ ನಿದ್ದೆ ವಾಪಸ್ ಬರುತ್ತಿತ್ತು ಅಂತ ನಾನು ನಂಬುವುದಿಲ್ಲ.

ಅವರು ಬರೆದುಕೊಟ್ಟರು. ಸ್ಟ್ರಕ್ಚರಲ್ ಇಂಜಿನಿಯರ್ ಬಂದು ಅಳೆದು, ರಿಪೇರಿ ಬರೆದುಕೊಟ್ಟು ಹೋದರು. ಖರ್ಚು ಧಣಿಯ ತಲೆಗೆ ಬಂತು. ಅವರು ಎರಡು ವಾರ ಇವರ ಜೊತೆ ಮಾತಾಡಲಿಲ್ಲ. ಆಮೇಲೆ ಘಟ್ಟದ ಮೇಲಿನ ಒಂದು ಸಣ್ಣ ಗೋಡೌನ್ ಕೆಲಸಕ್ಕೆ ಕಳಿಸಿದರು. ಸಂಬಳ ಅಷ್ಟೇ, ಸೈಟು ಮಾತ್ರ ಚಿಕ್ಕದು. ಅವರ ಅಮ್ಮ ನನಗೆ ಫೋನ್ ಮಾಡಿ, "ನಿಮ್ಮ ಮಾತು ಕೇಳಿ ನನ್ನ ಮಗ ಹಿಂದೆ ಬಿದ್ದ" ಅಂದರು. ನಾನು ಏನೂ ಹೇಳಲಿಲ್ಲ.

ಕಳೆದ ವಾರ ಇವರೇ ಫೋನ್ ಮಾಡಿದ್ದರು. ನಿದ್ದೆ ಬರುತ್ತಿದೆಯಂತೆ. ಬೆಳಿಗ್ಗೆ ಏಳಲು ಈಗ ಅಲಾರಂ ಬೇಕಂತೆ. ಕಂಬ ಬಿಚ್ಚಿದ್ದ ಹುಡುಗ ಕಾರವಾರದ ಸೈಟ್ ಬಿಟ್ಟು ಇವರನ್ನು ಹುಡುಕಿಕೊಂಡು ಬಸ್ ಹತ್ತಿ ಬಂದಿದ್ದಾನೆ.