ತಾಯಿ ಅಂತೀವಿ, ನೋಡ್ಕೊಳ್ಳೋದ್ಯಾರು?

ಪ್ರಶ್ನೆ: ಅಕ್ಕ, ಆಗಸ್ಟ್ 15ಕ್ಕೆ ಕಾಲೇಜಲ್ಲಿ ಭಾಷಣ ಮಾಡ್ಬೇಕು. ದೇಶಭಕ್ತಿ ಅಂದ್ರೆ ಗಡಿ, ಬಂದೂಕು, ಬಲಿದಾನ ಇಷ್ಟೇನಾ? ಹೆಂಗಸರ ಕಡೆಯಿಂದ ನೋಡಿದ್ರೆ ಬೇರೆ ಥರದ ದೇಶಪ್ರೇಮ ಅಂತ ಏನಾದ್ರೂ ಇದ್ಯಾ?
– ದ್ವಿತೀಯ ಪಿಯು ವಿದ್ಯಾರ್ಥಿನಿ, ಗೌರಿಬಿದನೂರು

ಉತ್ತರ: ಇದೆ ಕಣಮ್ಮ, ಯಾಕಿಲ್ಲ. ವಿದುರಾಶ್ವತ್ಥದ ಕಥೆ ನಿಮ್ಮೂರಿನವ್ರಿಗೆ ನಾನು ಹೇಳ್ಬೇಕಾಗಿಲ್ಲ, 1938ರ ಏಪ್ರಿಲ್ 25ಕ್ಕೆ ಸ್ವಾತಂತ್ರ್ಯ ಹೋರಾಟದ ಬಾವುಟ ಹಾರಿಸೋಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ರು, ಆ ದೇಶಭಕ್ತಿಗೆ ಕೈ ಮುಗೀತೀನಿ. ಆದ್ರೆ ದೇಶಕ್ಕಾಗಿ ಸತ್ತಿದ್ದು ಮಾತ್ರ ಲೆಕ್ಕಕ್ಕೆ ಬಂದು ಬದುಕಿಸಿದ್ದು ಬರೋದಿಲ್ವಲ್ಲ, ಅದೇ ನನ್ನ ತಕರಾರು.

ಅಮೆರಿಕದ ಕವಯಿತ್ರಿ ಜೂಲಿಯಾ ವಾರ್ಡ್ ಹೋವ್ ಅಂತೂ ಬಲಿದಾನದ ದೇಶಭಕ್ತಿ, ಬದುಕಿಸೋ ದೇಶಭಕ್ತಿ ಎರಡರ ಕಡೆಗೂ ನಿಂತೋರು. ಅಲ್ಲಿನ ಅಂತರ್ಯುದ್ಧದಲ್ಲಿ ಸೈನಿಕರಿಗೆ ಹುರುಪು ತುಂಬೋ ಹಾಡು ಬರೆದೋರು, 1870ರಲ್ಲಿ ಅದೇ ಯಮ್ಮ ನಾವು ಸಾಕಿದ ಮಕ್ಕಳನ್ನ ಇನ್ನೊಬ್ಬ ತಾಯಿ ಮಕ್ಕಳನ್ನ ಕೊಲ್ಲೋಕೆ ಬಿಡಲ್ಲ ಅಂತ ಹೆಂಗಸರಿಗೆಲ್ಲ ಕರೆ ಕೊಟ್ರು.

ಅಷ್ಟು ದೂರ ಯಾಕೆ, ನಮ್ಮ ಗುಬ್ಬಿ ತಾಲೂಕಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕನ್ನೇ ತಗೋ. ಹುಲಿಕಲ್–ಕುದೂರು ರಸ್ತೇಲಿ 385 ಆಲದ ಗಿಡ ನೆಟ್ಟು ಬಿಂದಿಗೇಲಿ ನೀರು ಹೊತ್ತು ಸಾಕಿದ್ರು, 2019ರ ಮಾರ್ಚಲ್ಲಿ ಪದ್ಮಶ್ರೀ ತಗೊಳ್ಳೋವಾಗ ರಾಷ್ಟ್ರಪತಿಗಳ ತಲೆ ಮೇಲೇ ಕೈಯಿಟ್ಟು ಆಶೀರ್ವಾದ ಮಾಡಿದ ಫೋಟೋ ನೀನೂ ನೋಡಿರ್ತೀಯ, ಎಲ್ರೂ ಶೇರ್ ಮಾಡಿದ್ದೇ ಮಾಡಿದ್ದು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡೋಕೆ ಅಂತ ಅದೇ ಮರಗಳಿಗೆ ಕುತ್ತು ಬಂತು, ಕಡೀಬೇಡ್ರಪ್ಪಾ ಅಂತ ಆ ವಯಸ್ಸಲ್ಲಿ ಆಯಮ್ಮನೇ ಮುಖ್ಯಮಂತ್ರಿಗಳನ್ನ ಕೇಳ್ಕೊಂಡ್ರು! ನಮ್ಮ ಗೌರವ ಇಷ್ಟು ಚೆನ್ನಾಗಿದೆ.

ಇನ್ನೊಂದು, ಆ ಬಿಂದಿಗೆ ಹೊತ್ತಿದ್ರಲ್ಲಿ ಗಂಡ ಚಿಕ್ಕಯ್ಯನೂ ಇದ್ರು, ಅದನ್ನ ಬಿಟ್ಬಿಡಬೇಡ. ಇದು ಹೆಂಗಸರ ದೇಶಭಕ್ತಿ ಅಂತ ಬೋರ್ಡ್ ಹಾಕಿಬಿಟ್ರೆ ನೀರು ಹೊರೋದು, ಗಿಡ ಸಾಕೋದು, ಕಾಯಿಲೆಯವ್ರನ್ನ ನೋಡ್ಕೊಳ್ಳೋದು ಎಲ್ಲ ನಮ್ಮ ತಲೆಗೇ ಕಟ್ಟಿ, ಅದೂ ಪುಗಸಟ್ಟೆ, ಜೈಕಾರ ಮಾತ್ರ ಗಂಡಸರು ಹಾಕ್ಕೊಂಡು ಓಡಾಡ್ತಾರೆ. ದೇಶಾನ ತಾಯಿ ಅಂತ ಕರೆದ ಮೇಲೆ ನೋಡ್ಕೊಳ್ಳೋ ಕೆಲಸ ಗಂಡುಮಕ್ಕಳದ್ದೂ ಹೌದು.

ಭಾಷಣಕ್ಕೆ ನಮ್ಮ ಸೀಮೆ ನೀರಿನ ವಿಷಯಾನೇ ತಗೋ. ಸಾವಿರ ಅಡಿ ಬೋರ್ ಕೊರೆಸಿದ್ರೆ ಬರೋದು ಫ್ಲೋರೈಡ್ ನೀರು, ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತೆ, ದೊಡ್ಡವ್ರ ಮೂಳೆ ಹಿಡ್ಕೊಳ್ಳುತ್ತೆ, ಫಿಲ್ಟರ್ ನೀರಿಗೆ ಕ್ಯಾನ್ ಹಿಡ್ಕೊಂಡು ಯಾರು ನಿಂತಿರ್ತಾರೆ ಅಂತ ನೀನೇ ನೋಡಿದ್ದೀಯಲ್ಲ. ಕೆರೆ ಹೂಳು ಎತ್ತಿಸೋದು ಯಾವಾಗ ಅಂತ ಮೈಕಲ್ಲೇ ಕೇಳ್ಬಿಡು, ಉತ್ತರ ಕೊಡ್ಬೇಕಾದೋರು ಹೇಗಿದ್ರೂ ಅವತ್ತು ಸ್ಟೇಜ್ ಮೇಲೇ ಕೂತಿರ್ತಾರೆ.