ಮೋಸೆಲ್‌ನ ಡ್ರೈ ರೀಸ್ಲಿಂಗ್: ಸಿಹಿ, ಹರಳು ಮತ್ತು ಡಿಮೀಟರ್ ಮುದ್ರೆ

ಫ್ರಾಂಕ್‌ಫರ್ಟ್‌ನಿಂದ ಕೇಳಿದ ಗೆಳೆಯರಿಗೆ ಉತ್ತರ. ಜರ್ಮನಿಯ ಮೋಸೆಲ್ ಕಣಿವೆಯ ಸಣ್ಣ ತೋಟದ ರೀಸ್ಲಿಂಗ್, ಅಂದರೆ ಅದೇ ಹೆಸರಿನ ಬಿಳಿ ದ್ರಾಕ್ಷಿಯ ವೈನ್, ತಂದಿದ್ದೀರಿ. ಲೇಬಲ್ ಮೇಲೆ 'ಟ್ರೋಕನ್' (ಡ್ರೈ, ಸಿಹಿಯಿಲ್ಲದ್ದು) ಅಂತಿದ್ದರೂ ಸ್ವಲ್ಪ ಸಿಹಿ ಯಾಕೆ, ತಳದಲ್ಲಿ ಹರಳು ಕಂಡರೆ ಕೆಟ್ಟಿದೆಯಾ, ಬಯೋಡೈನಾಮಿಕ್ ಬೇಸಾಯಕ್ಕೆ ಕೊಡುವ ಡಿಮೀಟರ್ ಮುದ್ರೆಗೆ ಜಾಸ್ತಿ ದುಡ್ಡು ಕೊಡೋದು ಸರಿಯಾ ಅಂತ ಕೇಳಿದ್ದೀರಿ.

ಹರಳಿಗೆ ಹೆದರಬೇಡಿ. ಅದು ದ್ರಾಕ್ಷಿಯದೇ ಟಾರ್ಟಾರಿಕ್ ಆಮ್ಲದ ಲವಣ, ತಂಪಿಗೆ ಗಟ್ಟಿಯಾಗಿ ತಳ ಸೇರುತ್ತದೆ. ಬಾಟಲಿ ನೆಟ್ಟಗೆ ನಿಲ್ಲಿಸಿ, ನಿಧಾನಕ್ಕೆ ಬಗ್ಗಿಸಿ.

ಇನ್ನು ಸಿಹಿ. ಟ್ರೋಕನ್ ಅಂದರೆ ಸಕ್ಕರೆಯೇ ಇಲ್ಲ ಅಂತಲ್ಲ. ಲೀಟರಿಗೆ 4 ಗ್ರಾಂವರೆಗೆ ಹೇಗೂ ಇರಬಹುದು. ಹುಳಿ ಜಾಸ್ತಿ ಇದ್ದರೆ 9 ಗ್ರಾಂವರೆಗೂ ಬಿಡುತ್ತಾರೆ, ಆದರೆ ಸಕ್ಕರೆ ಹುಳಿಗಿಂತ 2 ಗ್ರಾಂಗಿಂತ ಹೆಚ್ಚು ಮೀರಬಾರದು. ಹುಳಿ 7 ಗ್ರಾಂ, ಸಕ್ಕರೆ 8 ಗ್ರಾಂ ಇದ್ದರೂ ಅದು ಟ್ರೋಕನ್ನೇ. ಮೋಸೆಲ್ ತಂಪು ಸೀಮೆ, ರೀಸ್ಲಿಂಗ್ ತಡವಾಗಿ ಮಾಗುವ ಹಣ್ಣು, ಹುಳಿ ಚೆನ್ನಾಗಿ ಉಳಿಯುತ್ತದೆ. ಆ ಚೂರು ಸಕ್ಕರೆ ಇಲ್ಲದಿದ್ದರೆ ನಾಲಿಗೆಗೆ ಒರಟು ಅನಿಸಬಹುದು. 'ಫೈನ್‌ಹೆರ್ಬ್' ಅಂತ ಬರೆದಿದ್ದರೆ ಮಾತ್ರ ಇನ್ನೂ ಸಿಹಿ ಇರುತ್ತದೆ ಅಂದುಕೊಳ್ಳಿ.

ಡಿಮೀಟರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಯೋಡೈನಾಮಿಕ್ ಅನ್ನೋ ಈ ಸಾವಯವ ಬೇಸಾಯ ಪದ್ಧತಿ ಹುಟ್ಟಿದ್ದು 1924ರಲ್ಲಿ ರುಡಾಲ್ಫ್ ಸ್ಟೈನರ್ ಕೊಟ್ಟ ಕೃಷಿ ಉಪನ್ಯಾಸಗಳಿಂದ. ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲವಿಡೀ ಮಣ್ಣಲ್ಲಿ ಹೂಳುತ್ತಾರೆ. ವಸಂತದಲ್ಲಿ ತೆಗೆದು, ಒಂದು ಹಿಡಿಯಷ್ಟನ್ನು ನೀರಲ್ಲಿ ಒಂದು ಗಂಟೆ ತಿರುಗಿಸಿ ಸಿಂಪಡಿಸುತ್ತಾರೆ. ನಮ್ಮಲ್ಲಿ ಸಾವಯವ ಮಾಡುವವರು ಕೊಂಬಿನ ಗೊಬ್ಬರ, 500 ಅನ್ನೋದು ಇದನ್ನೇ. ಕೊಂಬಿನಿಂದಲೇ ವೈನ್ ರುಚಿಯಾಗುತ್ತದೆ ಅಂತ ನಾನು ಹೇಳಲಾರೆ. ಜರ್ಮನಿಯ ಗೈಸೆನ್‌ಹೈಮ್‌ನ ವೈನ್ ಸಂಶೋಧನಾ ಸಂಸ್ಥೆಯಲ್ಲಿ 2006ರಿಂದ ರೀಸ್ಲಿಂಗ್ ತೋಟದಲ್ಲೇ ಹೋಲಿಸಿ ನೋಡಿದ್ದಾರೆ. ಸಾವಯವ, ಬಯೋಡೈನಾಮಿಕ್ ಎರಡರಲ್ಲೂ ಇಳುವರಿ ಮಾಮೂಲಿ ಬೇಸಾಯಕ್ಕಿಂತ ಕಡಿಮೆ ಬಂತು. ಹಣ್ಣಿನ ಗುಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ದುಡ್ಡು ಯಾವುದಕ್ಕೆ? ಇಳಿಜಾರಿಗೆ, ಕೈಕೆಲಸಕ್ಕೆ. ಮೋಸೆಲ್ ದಡದ ಸ್ಲೇಟ್ ಕಲ್ಲಿನ ಗುಡ್ಡಗಳು ಎಷ್ಟೋ ಕಡೆ ಟ್ರ್ಯಾಕ್ಟರ್ ಹತ್ತಲಾರದಷ್ಟು ಕಡಿದು. ಬ್ರೆಮ್ ಊರಿನ ಕಾಲ್ಮೊಂಟ್‌ನಲ್ಲಿ ಸುಮಾರು 65 ಡಿಗ್ರಿವರೆಗೂ ಇದೆ! ಅಂಥಲ್ಲಿ ಕಳೆನಾಶಕ ಹೊಡೆಯದೆ, ಕಳೆಯನ್ನು ಕೈಯಲ್ಲೇ ಕೊಯ್ಯುವುದು ಎಂಥ ಕಷ್ಟ ಅಂತ ಗುಡ್ಡದ ಮೇಲೆ ಬೇಸಾಯ ಮಾಡಿದವರಿಗೆ ಗೊತ್ತು. ಮಳೆ ಹಿಡಿದರೆ ಬೂಜು ರೋಗ ಬರುತ್ತದೆ. ಔಷಧಿಯಾಗಿ ಹೆಚ್ಚಾಗಿ ತಾಮ್ರ, ಗಂಧಕ ಅಷ್ಟೇ. ತಾಮ್ರಕ್ಕೂ ಡಿಮೀಟರ್ ಮಿತಿ ಹಾಕಿದೆ, ಹೆಕ್ಟೇರಿಗೆ ವರ್ಷಕ್ಕೆ 3 ಕಿಲೋ. ಹಾಗಾಗಿ ದಿನವೂ ಬಳ್ಳಿ ನೋಡಬೇಕು, ಎಲೆ ತೆಗೆದು ಗಾಳಿಯಾಡಿಸಬೇಕು. ಈ ಶ್ರದ್ಧೆಗೆ ನಾನು ಖುಷಿಯಿಂದ ದುಡ್ಡು ಕೊಡುತ್ತೇನೆ.

ಮುಂದಿನ ಸಲ ಪ್ಯುಂಡರಿಶ್ ಊರಿನ ಕ್ಲೆಮೆನ್ಸ್ ಬುಶ್ ಅವರ ವೈನ್ ಹುಡುಕಿ. ಮರಿಯೆನ್‌ಬುರ್ಗ್ ಅನ್ನೋ ಒಂದೇ ಗುಡ್ಡದ ಬೂದು, ನೀಲಿ, ಕೆಂಪು ಸ್ಲೇಟಿನ ಭಾಗಗಳನ್ನು ಬೇರೆಬೇರೆ ಬಾಟಲಿ ಮಾಡುತ್ತಾರೆ. ಎರಡನ್ನು ಪಕ್ಕಪಕ್ಕ ಇಟ್ಟು ರುಚಿ ನೋಡಿ.

ಕುಡಿಯುವಾಗ ತುಂಬಾ ತಣ್ಣಗೆ ಬೇಡ, ಪರಿಮಳ ಮುಚ್ಚಿಹೋಗುತ್ತದೆ. ಫ್ರಿಜ್‌ನಿಂದ ಕಾಲು ಗಂಟೆ ಮುಂಚೆ ತೆಗೆಯಿರಿ, 10-12 ಡಿಗ್ರಿ ಸಾಕು. ಖಾರದ ಕೋಳಿ ಸಾರಿನ ಜೊತೆ ಬೇಡ, ಖಾರ ಇನ್ನೂ ಏರುತ್ತದೆ. ನೀರುದೋಸೆ, ತೆಂಗಿನಹಾಲಿನ ಮೀನು, ನಿಂಬೆ ಹಿಂಡಿದ ಕೋಸಂಬರಿ ಜೊತೆ ಬಹಳ ಚೆನ್ನ. ಉಳಿದದ್ದಕ್ಕೆ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರ್ನಾಲ್ಕು ದಿನ ಏನೂ ಆಗಲ್ಲ. ಎಳೆಯ ರೀಸ್ಲಿಂಗ್ ಆದರೆ ಎರಡನೇ ದಿನವೇ ಹೆಚ್ಚು ರುಚಿ.