ಅಡುಗೆಮನೆಯ ಪ್ಲೇಯರಿನ ಹಾಡು ಮನೆಯೆಲ್ಲ ಕೇಳಬೇಕಾದರೆ

ಪ್ರಶ್ನೆ: ಹೊಸದಾಗಿ ಕಟ್ಟಿಸಿದ ನಮ್ಮ ಮನೆಯಲ್ಲಿ ಹಾಲ್, ಊಟದ ಕೋಣೆ ಮತ್ತು ಎರಡು ಮಲಗುವ ಕೋಣೆಗಳ ಫಾಲ್ಸ್ ಸೀಲಿಂಗಿನಲ್ಲಿ 8 ಓಮಿನ ಒಂದೊಂದು ಸ್ಪೀಕರ್ ಕೂರಿಸಿ, ತಂತಿಗಳನ್ನೆಲ್ಲ ಟಿವಿ ಕಪಾಟಿನ ಬಳಿಗೆ ತಂದಿದ್ದೇವೆ. ನಮ್ಮ ಅತ್ತೆಯವರು ಬೆಳಗ್ಗೆ ಎದ್ದಾಗಿನಿಂದ ಅಡುಗೆಮನೆಯ ಪುಟ್ಟ ಮ್ಯೂಸಿಕ್ ಪ್ಲೇಯರಿನಲ್ಲಿ 100.6ರ ಆಕಾಶವಾಣಿಯನ್ನೂ ಪೆನ್‌ಡ್ರೈವಿನ ದೇವರನಾಮಗಳನ್ನೂ ಕೇಳುತ್ತಾರೆ. ಅದೇ ಮನೆಯೆಲ್ಲ ಕೇಳಿಸಬೇಕೆಂಬುದು ನಮ್ಮ ಆಸೆ. ಪ್ಲೇಯರನ್ನು ಬಿಚ್ಚಿ, ಅದರ ಸ್ಪೀಕರಿಗೆ ಹೋಗುವ ತಂತಿಗಳಿಗೇ ಉಳಿದ ನಾಲ್ಕನ್ನೂ ಜೋಡಿಸಿದರೆ ಸಾಕು, ಆಂಪ್ಲಿಫೈಯರ್ ಬೇಕಿಲ್ಲ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ದಯವಿಟ್ಟು ಹಾಗೆ ಮಾಡಿಸಬೇಡಿ. ಇಂಥ ಪುಟ್ಟ ಪ್ಲೇಯರಿನ ಒಳಗಿರುವ ಆಂಪ್ಲಿಫೈಯರ್ ಕೆಲವೇ ವ್ಯಾಟಿನದು. ತನ್ನ ಪೆಟ್ಟಿಗೆಯಲ್ಲಿರುವ ಒಂದೆರಡು ಸ್ಪೀಕರುಗಳನ್ನು ನಡೆಸುವುದಕ್ಕಷ್ಟೇ ಅದನ್ನು ಮಾಡಿರುತ್ತಾರೆ. ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯನ್ನು, ಅಂದರೆ ರೋಧವನ್ನು, ಓಮಿನಲ್ಲಿ ಅಳೆಯುತ್ತಾರೆ. 8 ಓಮಿನ ನಾಲ್ಕು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 2 ಓಮ್ ಆಗುತ್ತದೆ. ಅದರೊಂದಿಗೆ ಪ್ಲೇಯರಿನ 4 ಓಮಿನ ಸ್ಪೀಕರೂ ಸೇರಿದರೆ ಒಂದೂವರೆ ಓಮಿಗಿಂತ ಕೆಳಕ್ಕೆ ಇಳಿಯುತ್ತದೆ. ಅಷ್ಟು ಕಡಿಮೆ ರೋಧಕ್ಕೆ ಬೇಕಾದ ಕರೆಂಟನ್ನು ಕೊಡಲು ಹೋಗಿ ಒಳಗಿನ ಚಿಪ್ ಬಿಸಿಯಾಗುತ್ತದೆ, ಧ್ವನಿ ಒಡೆಯುತ್ತದೆ, ಕೊನೆಗೆ ಪ್ಲೇಯರೇ ಹಾಳಾಗುತ್ತದೆ.

ಮಾಡಬೇಕಾದದ್ದು ಬೇರೆ. ಧ್ವನಿಯ ಸಂಕೇತವು ಸ್ಪೀಕರನ್ನು ನಡೆಸುವಷ್ಟು ಬಲ ಪಡೆಯುವುದಕ್ಕೆ ಮೊದಲೇ ಅದನ್ನು ಪ್ಲೇಯರಿನಿಂದ ಹೊರಗೆ ತೆಗೆದು, ಮನೆಯ ಸ್ಪೀಕರುಗಳಿಗೆಂದೇ ಇಟ್ಟ ಆಂಪ್ಲಿಫೈಯರಿಗೆ ಕೊಡಬೇಕು. ಪ್ಲೇಯರಿನ ಹಿಂಬದಿಯನ್ನು ಒಮ್ಮೆ ನೋಡಿ. 3.5 ಮಿ.ಮೀ.ನ ಒಂದು ದುಂಡು ತೂತು ಇರಬಹುದು. ಆದರೆ ಬಹಳಷ್ಟು ಪ್ಲೇಯರುಗಳಲ್ಲಿ ಅದು ‘ಆಕ್ಸ್ ಇನ್’, ಅಂದರೆ ಹೊರಗಿನ ಹಾಡನ್ನು ಒಳಕ್ಕೆ ಕೊಡುವ ದಾರಿ. ನಿಮಗೆ ಬೇಕಾದದ್ದು ‘ಲೈನ್ ಔಟ್’ ಅಥವಾ ಹೆಡ್‌ಫೋನಿನ ಚಿತ್ರವಿರುವ ತೂತು. ಅನುಮಾನವಿದ್ದರೆ ಹಾಡು ಹಾಕಿ, ಒಂದು ಇಯರ್‌ಫೋನ್ ಚುಚ್ಚಿ ನೋಡಿ. ಹಾಡು ಇಯರ್‌ಫೋನಿನಲ್ಲಿ ಕೇಳಿಸಿದರೆ ಅದೇ ಹೊರದಾರಿ. ಅಂಥ ತೂತೇ ಇಲ್ಲದಿದ್ದರೆ ಪೆಟ್ಟಿಗೆಯನ್ನು ಕೊರೆಸುವುದಕ್ಕಿಂತ ಹೆಡ್‌ಫೋನ್ ತೂತಿರುವ ಬೇರೊಂದು ಪ್ಲೇಯರ್ ಕೊಳ್ಳುವುದು ಮೇಲು.

ಇಲ್ಲೊಂದು ತೊಡಕಿದೆ. ಹೆಡ್‌ಫೋನಿನ ತೂತಿಗೆ ಪಿನ್ ಹಾಕಿದ ಕೂಡಲೇ ಹೆಚ್ಚಿನ ಪ್ಲೇಯರುಗಳ ಸ್ವಂತ ಸ್ಪೀಕರ್ ಸುಮ್ಮನಾಗುತ್ತದೆ. ಮನೆಯೆಲ್ಲ ಹಾಡು ಹರಡಿ, ಅದನ್ನು ಹಾಕಿದ ನಿಮ್ಮ ಅತ್ತೆಯವರಿಗೇ ಅಡುಗೆಮನೆಯಲ್ಲಿ ಕೇಳಿಸದೆ ಹೋಗಬಾರದು. ಆದ್ದರಿಂದ ಅಡುಗೆಮನೆಗೂ ಒಂದು ಸ್ಪೀಕರ್ ಹಾಕಿಸಿ. ಒಗ್ಗರಣೆಯ ಹೊಗೆ ಮತ್ತು ಎಣ್ಣೆಯ ಜಿಡ್ಡು ತಾಗದಂತೆ ಅದು ಒಲೆಯಿಂದಲೂ ಚಿಮಣಿಯಿಂದಲೂ ದೂರದ ಮೂಲೆಯಲ್ಲಿರಲಿ. ಪ್ಲೇಯರ್ ಈಗಿರುವ ಜಾಗದಲ್ಲೇ ಇರಲಿ, ಅವರ ಕೈಗೆ ಒಗ್ಗಿದ ಗುಂಡಿಗಳೂ ಹಾಗೆಯೇ ಇರಲಿ. ಫೋನಿನಿಂದಲೇ ಎಲ್ಲವನ್ನೂ ನಡೆಸಬಹುದೆಂದು ಅಂಗಡಿಯವರು ಹೇಳಿಯಾರು. ಆದರೆ ಹಿಟ್ಟು ಹತ್ತಿದ ಕೈಯಲ್ಲೂ ತಿರುಗಿಸಬಹುದಾದ ಗುಂಡಿಯನ್ನು ಹಿರಿಯರಿಂದ ಕಿತ್ತುಕೊಳ್ಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಆಂಪ್ಲಿಫೈಯರಿನ ವಿಚಾರ. ನಾಲ್ಕೇ ಸ್ಪೀಕರುಗಳಾದರೆ ಎರಡೆರಡನ್ನು ಸರಣಿಯಲ್ಲಿ ಜೋಡಿಸಿ, ಆ ಎರಡು ಜೋಡಿಗಳನ್ನು ಸಮಾಂತರವಾಗಿ ಸೇರಿಸಿ ಮತ್ತೆ 8 ಓಮಿಗೆ ತರಬಹುದು. ಐದನೆಯದು ಸೇರಿದಾಗ ಆ ಲೆಕ್ಕ ಕೂಡುವುದಿಲ್ಲ; ಮೇಲಾಗಿ ಆ ಜೋಡಣೆಯಲ್ಲಿ ಒಂದು ಕೋಣೆಯ ಧ್ವನಿಯನ್ನು ಮಾತ್ರ ತಗ್ಗಿಸಲು ಸುಲಭವಾದ ದಾರಿಯೂ ಇಲ್ಲ. ನಿಮ್ಮ ಮನೆಗೆ ನಾನು ಹೇಳುವುದು ಶಾಲೆ, ದೇವಸ್ಥಾನ, ಕಲ್ಯಾಣಮಂಟಪಗಳಲ್ಲಿ ಬಳಸುವ 100 ವೋಲ್ಟ್ ಲೈನ್ ಪದ್ಧತಿಯನ್ನು. ಇದರಲ್ಲಿ ಪ್ರತಿ ಸ್ಪೀಕರಿನ ಬಳಿ ಒಂದು ಸಣ್ಣ ಲೈನ್ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಎಲ್ಲವನ್ನೂ ಸಮಾಂತರವಾಗಿಯೇ ಜೋಡಿಸಬಹುದು, ಓಮಿನ ಲೆಕ್ಕದ ಬದಲು ವ್ಯಾಟಿನ ಲೆಕ್ಕ ಮಾಡಿದರೆ ಸಾಕು. ಒಂದೊಂದನ್ನು ಅದರ ಟ್ರಾನ್ಸ್‌ಫಾರ್ಮರಿನ 6 ವ್ಯಾಟಿನ ತುದಿಗೆ ಜೋಡಿಸಿದರೆ ಐದಕ್ಕೆ 30 ವ್ಯಾಟ್. 40 ವ್ಯಾಟಿನ ಆಂಪ್ಲಿಫೈಯರ್ ಧಾರಾಳವಾಗಿ ಸಾಕು. ಮಕ್ಕಳು ಓದುವ ಅಥವಾ ಯಾರಾದರೂ ಮಲಗಿರುವ ಕೋಣೆಯಲ್ಲಿ ಧ್ವನಿ ತಗ್ಗಿಸಲು ಗೋಡೆಗೆ ಹಾಕುವ ಕಂಟ್ರೋಲ್ ಗುಂಡಿಗಳೂ ಇದಕ್ಕೆಂದೇ ಸಿಗುತ್ತವೆ. ತಗ್ಗು ಸ್ವರಗಳು, ಉದಾಹರಣೆಗೆ ಮೃದಂಗದ ಎಡಭಾಗದ ನಾದ, ಸ್ವಲ್ಪ ತೆಳುವಾಗಿ ಕೇಳಿಸಬಹುದು ಎಂಬುದು ಇದರ ಕೊರತೆ. ಆ ತಂತಿಗಳಲ್ಲಿ 100 ವೋಲ್ಟಿನವರೆಗೂ ಇರಬಹುದಾದ್ದರಿಂದ ಯಾವ ಜೋಡಣೆಯೂ ಬರಿದಾಗಿ ಕೈಗೆ ಸಿಗುವಂತಿರಬಾರದು.

ಕೋಣೆಗೊಂದೇ ಸ್ಪೀಕರ್ ಇರುವುದರಿಂದ ಎಡ ಬಲ ಎಂಬ ಭೇದವನ್ನೂ ಬಿಡಬೇಕಾಗುತ್ತದೆ. ಇಲ್ಲವಾದರೆ ಹಾಲಿನಲ್ಲಿ ಕೇಳಿಸುವ ಪಿಟೀಲು ಮಲಗುವ ಕೋಣೆಯಲ್ಲಿ ಮಾಯವಾದೀತು. ಪ್ಲೇಯರಿನ ಎಡ ಮತ್ತು ಬಲ ತಂತಿಗಳನ್ನು ನೇರವಾಗಿ ಒಂದಕ್ಕೊಂದು ತಿರುಚಿ ಸೇರಿಸಬೇಡಿ. ಎರಡನ್ನೂ ತಾನೇ ಬೆರೆಸಿಕೊಳ್ಳುವ ಆಕ್ಸ್ ಇನ್‌ಪುಟ್ ಇದೆಯೇ ಎಂದು ಆಂಪ್ಲಿಫೈಯರ್ ಕೊಳ್ಳುವಾಗಲೇ ಕೇಳಿಕೊಳ್ಳಿ. ಒಂದು ತುದಿಯಲ್ಲಿ 3.5 ಮಿ.ಮೀ. ಪಿನ್, ಇನ್ನೊಂದು ತುದಿಯಲ್ಲಿ ಕೆಂಪು ಮತ್ತು ಬಿಳಿ ಆರ್‌ಸಿಎ ಪಿನ್‌ಗಳಿರುವ, ಒಳ್ಳೆಯ ಶೀಲ್ಡ್ (ಹೊರಗಿನ ಸದ್ದು ಸೇರದಂತೆ ತಡೆಯುವ ಲೋಹದ ಹೊದಿಕೆ) ಇರುವ ಕೇಬಲ್ ತನ್ನಿ. 230 ವೋಲ್ಟಿನ ತಂತಿ ಇರುವ ಪೈಪಿನಲ್ಲಿ ಅದನ್ನು ಎಳೆಸಬೇಡಿ, ಬೇರೆ ಪೈಪೇ ಆಗಬೇಕು. ಮೊದಲ ಸಲ ಆಂಪ್ಲಿಫೈಯರಿನ ಧ್ವನಿಯನ್ನು ಪೂರ್ತಿ ತಗ್ಗಿಸಿ, ಪ್ಲೇಯರಿನದನ್ನು ಮುಕ್ಕಾಲಿಗೆ ಇಟ್ಟು, ಆಮೇಲೆ ಆಂಪ್ಲಿಫೈಯರನ್ನು ನಿಧಾನವಾಗಿ ಏರಿಸಿ.

ಪ್ರಶ್ನೆ: ಬಾಡಿಗೆ ಮನೆಯಾದ್ದರಿಂದ ಗೋಡೆ ಕೊರೆಯುವಂತಿಲ್ಲ. ಅಡುಗೆಮನೆಯ ಪ್ಲೇಯರಿಗೆ ಬ್ಲೂಟೂತ್ ಟ್ರಾನ್ಸ್‌ಮಿಟರ್ ಹಾಕಿ ಹಾಲಿನ ಸೌಂಡ್‌ಬಾರಿಗೆ ಜೋಡಿಸಿದ್ದೇವೆ. ಪ್ಲೇಯರಿನ ಸ್ಪೀಕರೂ ಹಾಡುತ್ತಿರುತ್ತದೆ. ಹಾಲಿನ ಹಾಡು ಅಡುಗೆಮನೆಯ ಹಾಡಿಗಿಂತ ಹಿಂದೆ ಬೀಳುತ್ತದೆ. ನಡುವೆ ನಿಂತರೆ ಎರಡೂ ಕಲಸಿಹೋಗುತ್ತವೆ. ಏಕೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬ್ಲೂಟೂತ್ ಧ್ವನಿಯನ್ನು ಅಂಕಿಗಳಾಗಿಸಿ, ಕುಗ್ಗಿಸಿ, ಕಳುಹಿಸಿ, ಆ ತುದಿಯಲ್ಲಿ ಮತ್ತೆ ಹಿಗ್ಗಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡು ಹಿಡಿಯುತ್ತದೆ. ಗಾಳಿಯಲ್ಲಿ ಧ್ವನಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಸಾಕಾದ್ದರಿಂದ, ನಿಮ್ಮ ಸೌಂಡ್‌ಬಾರ್ ಮೂವತ್ತು ಮೀಟರಿಗೂ ಆಚೆ ನಿಂತು ಹಾಡಿದಂತೆಯೇ ಸರಿ. ಎರಡು ಧ್ವನಿಗಳ ಅಂತರ 50 ಮಿಲಿಸೆಕೆಂಡು ದಾಟಿದರೆ ಕಿವಿ ಅವನ್ನು ಬೇರೆ ಬೇರೆಯಾಗಿಯೇ ಗುರುತಿಸುತ್ತದೆ. ಕಡಿಮೆ ತಡವಾಗುವ ಕೋಡೆಕ್ಕನ್ನು, ಅಂದರೆ ಧ್ವನಿಯನ್ನು ಕುಗ್ಗಿಸಿ ಹಿಗ್ಗಿಸುವ ವಿಧಾನವನ್ನು, ಎರಡೂ ತುದಿಯ ಸಾಧನಗಳು ಬಲ್ಲವಾದರೆ ಅಂತರ ತಗ್ಗುತ್ತದೆ. ಇಲ್ಲವಾದರೆ ಎರಡರಲ್ಲಿ ಒಂದನ್ನು ಸುಮ್ಮನಿರಿಸಬೇಕು, ಅಥವಾ ಗೋಡೆ ಕೊರೆಯದೆ ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಕೇಬಲನ್ನು ಕ್ಲಿಪ್ ಹಾಕಿ ಒಯ್ಯಬೇಕು. ಬಾಡಿಗೆ ಮನೆಗೂ ನನ್ನ ಒಲವು ತಂತಿಯ ಕಡೆಗೇ. ಮೈಕ್ರೋವೇವ್ ಓವನ್ ಮತ್ತು ಬ್ಲೂಟೂತ್ ಎರಡೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುವುದರಿಂದ, ಓವನ್ ಹಾಕಿದಾಗ ಹಾಡು ತುಂಡಾಗುವುದೂ ಉಂಟು.

ಪ್ರಶ್ನೆ: ತಂತಿಯಲ್ಲೇ ಜೋಡಿಸಿದ್ದೇವೆ. ಹಾಡು ಚೆನ್ನಾಗಿ ಬರುತ್ತದೆ, ಆದರೆ ಹಿಂದೆ ಸದಾ ‘ಹುಂ’ ಎಂಬ ಸದ್ದು. ಮಿಕ್ಸಿ ಹಾಕಿದರೆ ಗರಗರ ಶಬ್ದವೂ ಸೇರುತ್ತದೆ. ಆಂಪ್ಲಿಫೈಯರಿನ ಪ್ಲಗ್ಗಿನ ಮೂರನೆಯ ಪಿನ್ ತೆಗೆದರೆ ಸರಿಹೋಗುತ್ತದೆಂದು ಪರಿಚಿತರು ಹೇಳಿದರು.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಆ ಪಿನ್ ಅರ್ಥಿಂಗ್‌ನದು; ಅದನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಆಂಪ್ಲಿಫೈಯರಿನ ಒಳಗೆ ತಂತಿಯೊಂದು ಸಡಿಲವಾಗಿ ಲೋಹದ ಪೆಟ್ಟಿಗೆಗೆ ತಾಗಿದರೆ, ಮುಟ್ಟಿದವರ ಜೀವ ಉಳಿಸುವುದು ಆ ಪಿನ್. ‘ಹುಂ’ ಸದ್ದು ಹುಟ್ಟುವುದು ಬಹುಮಟ್ಟಿಗೆ ಹೀಗೆ: ಅಡುಗೆಮನೆಯ ಸಾಕೆಟ್ಟಿನಲ್ಲಿರುವ ಪ್ಲೇಯರೂ ಹಾಲಿನ ಸಾಕೆಟ್ಟಿನಲ್ಲಿರುವ ಆಂಪ್ಲಿಫೈಯರೂ ಆಡಿಯೊ ಕೇಬಲಿನ ಮೂಲಕ ಸೇರಿ, ಮನೆಯ ಅರ್ಥ್ ತಂತಿಯೊಂದಿಗೆ ಒಂದು ಸುತ್ತು ಪೂರ್ತಿಯಾಗುತ್ತದೆ, ಆ ಸುತ್ತಿನಲ್ಲಿ 50 ಹರ್ಟ್ಸಿನ ಸಣ್ಣ ಕರೆಂಟು ಹರಿದು ಹಾಡಿನೊಳಗೆ ಸೇರುತ್ತದೆ. ಪ್ಲೇಯರಿಗೆ ಬ್ಯಾಟರಿ ಇದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ ನೋಡಿ. ಸದ್ದು ನಿಂತರೆ ಕಾರಣ ಚಾರ್ಜರಿನ ದಾರಿಯಲ್ಲೇ ಇದೆ. ಆಗ ಆಂಪ್ಲಿಫೈಯರಿಗೆ ಹೋಗುವ ಆಡಿಯೊ ಕೇಬಲಿನ ನಡುವೆ ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂಬ ಪುಟ್ಟ ಸಾಧನವನ್ನು ಹಾಕಿ. ಅದರೊಳಗಿನ ಟ್ರಾನ್ಸ್‌ಫಾರ್ಮರುಗಳು ಹಾಡನ್ನು ದಾಟಿಸಿ, ಆ ಸುತ್ತನ್ನು ಕಡಿಯುತ್ತವೆ.

ಮಿಕ್ಸಿಯ ಗರಗರಕ್ಕೆ ಕಾರಣ ಬೇರೆಯೇ ಇರಬಹುದು. ಮಿಕ್ಸಿಯ ಮೋಟಾರಿನ ಇಂಗಾಲದ ಬ್ರಷ್‌ಗಳ ಬಳಿ ಸದಾ ಕಿಡಿ ಹಾರುತ್ತದೆ, ಆ ಕಿಡಿಯಿಂದ ರೇಡಿಯೊ ಅಲೆಗಳು ಹೊಮ್ಮುತ್ತವೆ. ಮಿಕ್ಸಿ ತಿರುಗುತ್ತಿರುವಾಗ ಒಮ್ಮೆ ರೇಡಿಯೊ, ಒಮ್ಮೆ ಪೆನ್‌ಡ್ರೈವ್ ಹಾಕಿ ಹೋಲಿಸಿ. ಗರಗರ ರೇಡಿಯೊದಲ್ಲಿ ಮಾತ್ರ ಇದ್ದರೆ ಅದು ಏರಿಯಲ್ ಮೂಲಕ ಬರುತ್ತಿದೆ: ಏರಿಯಲನ್ನು ಪೂರ್ತಿ ಎಳೆದು ಪ್ಲೇಯರನ್ನು ಕಿಟಕಿಯ ಬಳಿಗೆ, ಮಿಕ್ಸಿಯಿಂದ ದೂರಕ್ಕೆ ಸರಿಸಿ. ಕೆಲವು ಪುಟ್ಟ ರೇಡಿಯೊಗಳಿಗೆ ಹೆಡ್‌ಫೋನಿನ ತಂತಿಯೇ ಏರಿಯಲ್ ಆಗಿರುವುದರಿಂದ, ಅಂಥವುಗಳಲ್ಲಿ ನೀವು ಹಾಕಿದ ಕೇಬಲನ್ನೇ ಮಿಕ್ಸಿಯ ಪ್ಲಗ್ಗಿನಿಂದ ದೂರವಾಗಿ ಎಳೆಯಬೇಕಾಗುತ್ತದೆ. ಪೆನ್‌ಡ್ರೈವಿನ ಹಾಡಿನಲ್ಲೂ ಗರಗರ ಇದ್ದರೆ ಅದು ಕರೆಂಟಿನ ತಂತಿಯಲ್ಲೇ ಬರುತ್ತಿರುವ ಸಂಭವ ಹೆಚ್ಚು; ಮಿಕ್ಸಿ ಮತ್ತು ಪ್ಲೇಯರ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದರೆ ಮೊದಲು ಅವನ್ನು ಬೇರೆ ಬೇರೆ ಸಾಕೆಟ್ಟುಗಳಿಗೆ ಹಾಕಿ ನೋಡಿ.